ಎಡಗಡೆಯ ತೂಗುತಂತಿ

ನೀಲಿಯಲ್ಲ, ನೇರಳೆ, ಮಂಡಿಯಿಂದ ಒಂದು ಗೇಣು ಮೇಲೆ ಗೆರೆ ಎಳೆದ ಹಾಗೆ ನಿಂತುಬಿಟ್ಟಿದೆ ಬಣ್ಣ, ಕೆಳಗೆ ನೇರಳೆ ಮೇಲೆ ಬಿಳಿ, ಕ್ರೆಲಿಸ್ ನೀರಿನಿಂದ ಎದ್ದು ಬರುತ್ತಿದ್ದಾನೆ, ಎಪ್ಪತ್ತೆಂಟು ವರ್ಷದ ಕಾಲುಗಳು, ಏಪ್ರಿಲ್ ತಿಂಗಳ ಸಮುದ್ರ, ಒಂಬತ್ತು ಡಿಗ್ರಿ ಇದ್ದರೆ ಹೆಚ್ಚು — ಅಷ್ಟು ಹೊತ್ತು ರಕ್ತ ಎಲ್ಲಿಗೆ ಹೋಗಿರುತ್ತದೆ, ಮೇಲಕ್ಕೋ ಒಳಕ್ಕೋ, ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳಿಗೆ ಗೊತ್ತಿರಬೇಕು, ಗೊತ್ತೂ ಇದೆ, ಆದರೂ ಕಂಡಾಗಲೆಲ್ಲ ಹತ್ತಿರ ಹೋಗಿ ಬೆರಳಿಟ್ಟು ಒತ್ತಿ ನೋಡಬೇಕೆನಿಸುತ್ತದೆ, ಒತ್ತಿದ ಜಾಗ ಎಷ್ಟು ಹೊತ್ತು ಬೆಳ್ಳಗೆ ಉಳಿಯುತ್ತದೆ ಎಂದು, ನಿಂಗೆ ಕಂಡೋರ ಮೈಯೆಲ್ಲ ಪ್ರಯೋಗಶಾಲೆ ಕಣೇ ಅಲೈಡಾ ಅಂತಾನೆ ನನ್ನ ಗಂಡ ಲೇಂಡರ್ಟ್, ಅನ್ನಲಿ. ಕ್ರೆಲಿಸ್ ನಮ್ಮ ಪಕ್ಕದ ಮನೆಯವನು, ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ತೊಡೆಮಟ್ಟ ನೀರಿನಲ್ಲಿ ಕಾಲು ಗಂಟೆ ನಿಲ್ಲುತ್ತಾನೆ, ಮಂಡಿನೋವಿಗೆ, ಅದೂ ನಾನು ಹೇಳಿದ್ದಕ್ಕೆ, ಮತ್ತು ನಿನ್ನೆ ಮಧ್ಯಾಹ್ನದಿಂದ ಅವನ ಕಾಲು ನೋಡಿದರೆ ನನಗೆ ನಾಚಿಕೆ. ಹಾಯಿಕಂಬ ಎತ್ತೋದು ಯಾವಾಗ, ಅಂತಾನೆ ಹಲ್ಲು ಕಟಕಟ ಎನ್ನಿಸುತ್ತ, ನಿನ್ನ ಕಾಲು ನಿನ್ನದು ಅಂತ ನಿಂಗೆ ಗೊತ್ತಾದ್ಮೇಲೆ, ಅಂತೀನಿ, ಟವೆಲ್ ಎಸೆಯುತ್ತೇನೆ, ಅವನು ನಮ್ಮ ಜೋಡಿ ಒಡಲಿನ ಹಾಯಿದೋಣಿಯ ಒಂದು ಒಡಲ ಮೇಲೆ ಕೂತು ಒರೆಸಿಕೊಳ್ಳುತ್ತಾನೆ, ನಾನು ಹೊಸ ತಂತಿಗಳನ್ನು ಕಂಬದ ಉದ್ದಕ್ಕೂ ಬಿಡಿಸಿ ಇಡುತ್ತಿದ್ದೇನೆ, ಕಂಬವನ್ನು ನಿಲ್ಲಿಸುವ ಪಕ್ಕದ ತಂತಿ ಎರಡು, ಮುಂದಿನದು ಒಂದು, ಗಾಳಿಗೆ ದೋಣಿ ಮಗುಚದಂತೆ ನಾವು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಜೋತುಬೀಳುವ ತೂಗುತಂತಿ ನಾಲ್ಕು, ಗಂಟೆ ಹತ್ತು, ಹನ್ನೊಂದಕ್ಕೆ ಲೇಂಡರ್ಟ್ ಬರುತ್ತಾನೆ.

ಬಂದು ತಂತಿ ಪರೀಕ್ಷೆ ಮಾಡುತ್ತಾನೆ, ಅಷ್ಟೇ, ಅವನು ಒಪ್ಪಿರುವುದು ಅಷ್ಟಕ್ಕೇ, ಶನಿವಾರ ಹಾರ್ಲೆಮಿನಿಂದ ಗಂಡ ಹೆಂಡಿರಿಬ್ಬರು ದೋಣಿ ನೋಡಲು ಬರುತ್ತಾರೆ, ಎಳೆಯರು, ಫೋನಿನಲ್ಲೇ ಕೊಂಡುಕೊಂಡ ಹಾಗೆ ಮಾತಾಡಿದರು, ಇವತ್ತು ಗುರುವಾರ, ಇವತ್ತು ಅವನು ಎರಡು ಒಡಲ ನಡುವೆ ಬಿಗಿದ ಈ ಜಾಲರಿಯ ಮೇಲೆ ಕೂತು ನೀರಿಗೆ ಇಳಿಯದಿದ್ದರೆ ಇನ್ನೆಂದೂ ಇಳಿಯುವುದಿಲ್ಲ, ನಾನೂ ಇಳಿಯುವುದಿಲ್ಲ, ಅಷ್ಟು ಸರಳ. ಫೆಬ್ರವರಿಯಲ್ಲಿ ಬಟಾಣಿ ಸಾರು ಕುಡಿಯುತ್ತಾ ಹೇಳಿದ್ದು, ಮಾರಿಬಿಡೋಣ ಅಲೈಡಾ, ಚಮಚ ಬಟ್ಟಲಿಗೆ ತಗುಲಿ ಸದ್ದು ಮಾಡುತ್ತಿತ್ತು, ಅವನು ಚಮಚವನ್ನು ಕೆಳಗಿಟ್ಟು ಬಟ್ಟಲನ್ನೇ ಎತ್ತಿ ಕುಡಿದ, ಡಾಕ್ಟರು ಆ ಕಾಯಿಲೆಗೆ ಹೆಸರು ಹೇಳಿ ಆಗಲೇ ಎರಡು ವರ್ಷ, ಬಲಗೈ ನಡುಗುತ್ತದೆ, ಸುಮ್ಮನೆ ಇಟ್ಟಾಗ ಹೆಚ್ಚು, ಏನಾದರೂ ಬಿಗಿಯಾಗಿ ಹಿಡಿದಾಗ ಕಡಿಮೆ, ಸಣ್ಣದನ್ನು ಹಿಡಿಯಲಾರ. ಕಳೆದ ಸೆಪ್ಟೆಂಬರಿನಲ್ಲಿ ಇದೇ ಮರಳಿನ ಮೇಲೆ ಪಕ್ಕದ ತಂತಿಯ ಪಿನ್ನಿಗೆ ಸುರುಳಿ ಉಂಗುರ ಹಾಕಲು ಹೋದ, ಬೀಗದಕೈ ಗೊಂಚಲಿನ ಉಂಗುರದಂಥದ್ದು, ಅಂಗಿಯ ಗುಂಡಿಗಿಂತ ಚಿಕ್ಕದು, ಇಪ್ಪತ್ತು ನಿಮಿಷ ನಮಗೆಲ್ಲ ಬೆನ್ನು ಹಾಕಿ ನಿಂತಿದ್ದ, ನಾನು ನೋಡುತ್ತಿದ್ದೆ, ಹೋಗಲಿಲ್ಲ, ಹೋಗಬೇಕಿತ್ತೇ ಬೇಡವೇ ಎಂದು ಇವತ್ತಿಗೂ ತಿಳಿಯುತ್ತಿಲ್ಲ. ಚುಕ್ಕಾಣಿ ನಾನು ಹಿಡೀತೀನಿ, ನೀನು ಮುಂದೆ ನನ್ನ ಜಾಗದಲ್ಲಿ ಕೂತ್ಕೋ ಅಂದಿದ್ದೆ ಆ ಸಾರಿನ ಮುಂದೆ, ಅವನು, ನಾನು ಮೂಟೆ ಥರ ಮುಂದೆ ಕೂತು ಬರೋನಲ್ಲ, ನಂಗೋಸ್ಕರ ಅಂತ ಏನೂ ಮಾಡಬೇಡ ಅಂದ, ಬಿಸ್ಕತ್ತಿನ ಡಬ್ಬಿ ಮುಚ್ಚಿದ, ನಮ್ಮಲ್ಲಿ ಡಬ್ಬಿ ಮುಚ್ಚಿದರೆ ಮಾತೂ ಮುಗಿಯಿತು. ಹಳೇ ತಂತಿ ಇರೋ ದೋಣೀನ ಯಾರೂ ಮೂಸಲ್ಲ, ಹೊಸದು ಹಾಕಿಸಬೇಕು ಅಂದ ಮಾರನೆಯ ದಿನ, ನಾನು ಮಾಡ್ತೀನಿ ಅಂದೆ, ನೀನಾ ಅಂದ, ಹೂಂ ನಾನೇ.

ಮೂವತ್ತೊಂದು ವರ್ಷ ದೋಣಿಯ ಮುಂಭಾಗದಲ್ಲಿ ಜೋತುಬಿದ್ದವಳು ನಾನು, ಆದರೆ ಒಂದು ಪಿನ್ನು ಮುಟ್ಟಿದವಳಲ್ಲ, ಅದು ಅವನ ಇಲಾಖೆ, ಅವನು ಉಕ್ಕಿನ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನೇ ಅಳೆಯುತ್ತಿದ್ದವನು, ನಾನು ಜಾಕೆಟ್ ಹಾಕಿಕೊಂಡು ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿರುತ್ತಿತ್ತು, ಹೇಗೆ ಎಂದು ಕೇಳಿದವಳೂ ಅಲ್ಲ, ಕಪ್ಪೆಯ ಹೊಟ್ಟೆಯಿಂದ ಹಿಡಿದು ಅಜ್ಜಿಯ ಗಡಿಯಾರದವರೆಗೆ ಬಿಚ್ಚಿ ನೋಡಿದವಳು ಇದೊಂದನ್ನು ಮಾತ್ರ ಹೇಗೆ ಬಿಟ್ಟೆ — ಮಾರ್ಚಿನಲ್ಲಿ ಶೆಡ್ಡಿನ ನೆಲಕ್ಕೆ ನೀಲಿ ಟಾರ್ಪಾಲು ಹಾಸಿ ಒಂದೊಂದಾಗಿ ಬಿಚ್ಚಿದಾಗ ಮದುವೆಯಾದ ಹೊಸತರಲ್ಲಿ ಅವನ ಜೇಬುಗಳನ್ನು ನೋಡಿದಷ್ಟೇ ಸುಖ ಆಯಿತು, ಹೇಳಿಬಿಡುತ್ತೇನೆ, ಪ್ರತಿ ಉಂಗುರದ ಮೇಲೂ ಟೇಪು, ವರ್ಷಕ್ಕೊಂದು ಬಣ್ಣ, ಬಿಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕಪ್ಪು, ಒಂದು ವರ್ಷ ಟೇಪು ಮುಗಿದು ನಮ್ಮ ಮಗಳ ಬ್ಯಾಂಡೇಜು ಸುತ್ತಿದ್ದಾನೆ, ಅದರ ಮೇಲೆ ಕರಡಿಮರಿಗಳು. ಪಕ್ಕದ ತಂತಿಯೊಂದರ ಬುಡದಲ್ಲಿ ಒಂದು ಎಳೆ ಕಿತ್ತು ಸೂಜಿಯಂತೆ ನಿಂತಿತ್ತು, ಹೆಬ್ಬೆರಳಿಗೆ ಚುಚ್ಚಿತು, ಹತ್ತೊಂಬತ್ತು ಎಳೆಗಳಲ್ಲಿ ಒಂದು, ಹದಿನೆಂಟರ ಮೇಲೆ ನಾವು ಎಷ್ಟು ವರ್ಷ ಓಡಾಡಿದೆವೋ. ಎಲ್ಲವನ್ನೂ ಜೋಡಿ ಜೋಡಿಯಾಗಿ ಮಲಗಿಸಿದೆ, ಎಡದ್ದು ಬಲದ್ದು, ಎಡದ್ದು ಬಲದ್ದು, ಎಲ್ಲವೂ ಒಂದಕ್ಕೊಂದು ಸರಿಸಮ, ಒಂದು ಜೋಡಿ ಬಿಟ್ಟು, ಮುಂದಿನವರು ಜೋತುಬೀಳುವ ಎರಡು ತೂಗುತಂತಿ, ಅಂದರೆ ನನ್ನವು, ಬಲಗಡೆಯದಕ್ಕಿಂತ ಎಡಗಡೆಯದು ಎರಡು ಬೆರಳು ಗಿಡ್ಡ.

ಯಾಕೆ, ಅದೇ ಹುಳ ತಲೆಗೆ ಹೊಕ್ಕಿತು, ಮೂರು ವಾರ ಬಿಡಲಿಲ್ಲ. ಬಲದ್ದು ಹಿಗ್ಗಿರಬಹುದು ಅಂದ ಕ್ರೆಲಿಸ್, ನಾವೆಲ್ಲ ಹಿಗ್ಗಿದ್ದೀವಿ, ತಂತಿ ಹಿಗ್ಗಲ್ವಾ, ಐಮೌಡನ್ ಬಂದರಿನ ತಂತಿ ಅಂಗಡಿಯ ಸಾಸ್ಕಿಯಾ ಕನ್ನಡಕ ಏರಿಸಿ ನೋಡಿ, ಇಲ್ಲಮ್ಮ, ಉಕ್ಕಿನ ತಂತಿ ಇಷ್ಟೆಲ್ಲ ಹಿಗ್ಗಲ್ಲ, ಇದು ಕತ್ತರಿಸಿರೋದು, ನೋಡಿ ಇಲ್ಲಿ, ತುದಿಯ ತಾಮ್ರದ ಕೊಳವೆಯನ್ನು ತೋರಿಸಿದಳು, ಬಲದ್ದರ ಮೇಲೆ ಯಂತ್ರ ಒತ್ತಿದ ಸಾಲು ಗುರುತು, ಎಡದ್ದರ ಮೇಲೆ ಮೂರು ಕಚ್ಚು, ಒಂದು ಆಳ, ಎರಡು ಮೇಲುಮೇಲೆ, ಯಾರೋ ಮನೇಲಿ ಕೈಯಿಂದ ಒತ್ತಿದ್ದಾರೆ, ಗಟ್ಟಿಯಾಗೇ ಒತ್ತಿದ್ದಾರೆ ಬಿಡಿ, ಹೊಸಾದನ್ನ ಹೇಗೆ ಮಾಡ್ಲಿ, ಒಂದೇ ಉದ್ದ ತಾನೇ ಎಂದು ಕೇಳಿದಳು. ಮನೆಗೆ ಬಂದು ಲೇಂಡರ್ಟನನ್ನು ಕೇಳಿದೆ, ಅವನು ಪತ್ರಿಕೆಯಿಂದ ತಲೆ ಎತ್ತದೆ, ಅಳತೆ ತಪ್ಪಿರ್ಬೇಕು, ಎರಡೂ ಒಂದೇ ಉದ್ದ ಮಾಡ್ಸು ಅಂದ, ಮತ್ತೆ ತಾನಾಗಿಯೇ, ಯಾಕೆ, ಅದನ್ನೇನು ಅಷ್ಟು ನೋಡೋದಿದೆ ಅಂದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗೋಡೆಗೆ ಚಿತ್ರ ತೂಗುಹಾಕಲು ಮೂರು ಸಲ ಮಟ್ಟ ನೋಡುವ ಮನುಷ್ಯ, ಅಳತೆ ತಪ್ಪಿದ್ದಂತೆ, ನಾನು ನಂಬಲಿಲ್ಲ, ಆದರೂ ಸಾಸ್ಕಿಯಾಗೆ ಫೋನು ಮಾಡಿ ಒಂದೇ ಉದ್ದ ಎಂದೆ. ಎಲ್ಲರಿಗೂ ಒಂದೇ, ಯಾರಿಗೂ ಹೆಚ್ಚಿಲ್ಲ ಕಡಿಮೆಯಿಲ್ಲ, ನಾವು ಬೆಳೆದದ್ದೇ ಹಾಗೆ, ಮಾಮೂಲಿಯಾಗಿರು, ಅದೇ ಬೇಕಾದಷ್ಟು ಹುಚ್ಚು ಎಂದು ನಮ್ಮಮ್ಮ ದಿನಕ್ಕೆರಡು ಸಲ ಹೇಳುತ್ತಿದ್ದಳು.

ನಿನ್ನೆ ಮಧ್ಯಾಹ್ನ ಹೊಸ ತಂತಿಗಳನ್ನು ತಂದು ಇಲ್ಲೇ ಮರಳಿನ ಮೇಲೆ ಪರೀಕ್ಷೆಗೆ ಕಂಬ ಎತ್ತಿ, ಆಚೆ ಒಡಲ ಮೇಲೆ ಕ್ರೆಲಿಸನನ್ನೂ ನಾಲ್ಕು ಮರಳಿನ ಚೀಲವನ್ನೂ ಕೂರಿಸಿ, ಸೊಂಟಪಟ್ಟಿ ಕಟ್ಟಿಕೊಂಡು, ಬಲಗಡೆ ಕೊಕ್ಕೆ ಸಿಕ್ಕಿಸಿ ಹೊರಗೆ ಜೋತುಬಿದ್ದೆ, ಚೆನ್ನಾಗಿತ್ತು, ವಾಪಸು ಬಂದೆ, ಎಡಗಡೆ ಸಿಕ್ಕಿಸಿ ಜೋತುಬಿದ್ದೆ, ವಾಪಸು ಬರಲು ಎಡಗಾಲು ಮಡಚಿದೆ, ಮಂಡಿಯೊಳಗೆ ಯಾರೋ ಉಳಿ ಇಟ್ಟ ಹಾಗಾಯಿತು, ಅಲ್ಲೇ ತೂಗಿ ನಿಂತೆ, ಏನಾಯ್ತೇ ಅಂದ ಕ್ರೆಲಿಸ್, ಏನಿಲ್ಲ ಅಂದೆ, ಕಣ್ಣಲ್ಲಿ ನೀರು ಬಂದಿತ್ತು, ನೋವಿಗೆ, ಮೊದಲು ನೋವಿಗೇ. ಎಡಗಡೆ ಜೋತುಬಿದ್ದಾಗ ಮುಂದೆ ಇರುವುದು ಎಡಗಾಲು, ಭಾರವೆಲ್ಲ ಅದರ ಮೇಲೆ, ತಂತಿ ಎರಡು ಬೆರಳು ಗಿಡ್ಡವಿದ್ದರೆ ಸೊಂಟ ಅಷ್ಟು ಮೇಲಿರುತ್ತದೆ, ಮಂಡಿ ಅಷ್ಟು ಕಡಿಮೆ ಮಡಚುತ್ತದೆ, ನಾಲ್ಕನೇ ತರಗತಿಯ ಮಗುವೂ ಹೇಳುವ ಲೆಕ್ಕ, ನನಗೆ ಮೂರು ವಾರ ಹೊಳೆಯಲಿಲ್ಲ, ಮೂರು ವಾರವೇನು ಇಪ್ಪತ್ತೇಳು ವರ್ಷ. ತೊಂಬತ್ತೆಂಟರ ಚಳಿಗಾಲ, ಮಂಜುಗಡ್ಡೆಯ ಮೇಲೆ ಸೈಕಲ್ ಜಾರಿ ಎಡಮಂಡಿ ಒಡೆದು, ಆಪರೇಷನ್ ಮಾಡಿದವರು ಇನ್ನು ಜೋತುಬೀಳೋದೆಲ್ಲ ಬೇಡ ಅಂದರು, ನಾನು ಮನೆಗೆ ಬಂದು ಊರುಗೋಲು ಮೂಲೆಗೆಸೆದು ಲೇಂಡರ್ಟನಿಗೆ ಹೇಳಿದ್ದೆ, ನನ್ನ ಕುಂಟಿ ಅಂತ ನೋಡಿ ದೋಣಿಯಲ್ಲಿ ಒಂದು ಗಂಟು ಬದಲಾಯಿಸಿದ್ರೂ ನಾನು ಇಳಿದು ಹೋಗ್ತೀನಿ, ಮತ್ತೆ ಹತ್ತಲ್ಲ, ಅವನು ಎದ್ದು ಶೆಡ್ಡಿಗೆ ಹೋದ. ಮೇ ತಿಂಗಳಲ್ಲಿ ನೀರಿಗೆ ಇಳಿದರೆ ನೋವೇ ಇಲ್ಲ, ಮೆಟ್ಟಿಲ ಮೇಲೆ ನೋವು, ಸೈಕಲ್ ಮೇಲೆ ನೋವು, ಸಮುದ್ರದ ಮೇಲೆ ಮಾತ್ರ ಇಲ್ಲ, ಉಪ್ಪುನೀರಿನ ಗುಣ ಎಂದು ನಾನೇ ಕಂಡುಹಿಡಿದೆ, ಜೀವಶಾಸ್ತ್ರದ ಮೇಷ್ಟ್ರು ನಾನು, ಹುಟ್ಟುಹಬ್ಬಗಳಲ್ಲಿ ಸುತ್ತ ಕುರ್ಚಿ ಹಾಕಿ ಕೂತಾಗ ಅರ್ಧ ಊರಿಗೆ ಬೋಧಿಸಿದೆ, ಲೇಂಡರ್ಟ್ ಪಕ್ಕದಲ್ಲೇ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದ, ಹೂಂ, ಉಪ್ಪುನೀರು ಒಳ್ಳೇದು ಅನ್ನುತ್ತಿದ್ದ, ಆ ಹೂಂ ಈಗ ಕಿವಿಯಲ್ಲಿ ಬೇರೆ ಥರ ಕೇಳಿಸುತ್ತಿದೆ.

ಸಿಟ್ಟು ಬಂತು ಮೊದಲು, ಮೋಸ ಮಾಡಿದನಲ್ಲ ಎಂದು, ಸಿಟ್ಟು ಇಲ್ಲಿಂದ ದಿಬ್ಬದ ಮೆಟ್ಟಿಲವರೆಗೂ ಉಳಿಯಲಿಲ್ಲ, ಆಮೇಲೆ ಪ್ರಶ್ನೆಗಳು — ಎರಡೇ ಬೆರಳು ಎಂದು ಹೇಗೆ ತಿಳಿಯಿತು, ಒಂದು ಬೆರಳು ಪ್ರಯೋಗ ಮಾಡಿ ನೋಡಿದನೇ, ನಾನು ಸೋಫಾದಿಂದ ಏಳುವಾಗ ಮಂಡಿ ಎಲ್ಲಿ ಹಿಡಿಯುತ್ತದೆ ಎಂದು ಕಣ್ಣಳತೆ ತೆಗೆದನೇ, ನಿದ್ದೆಯಲ್ಲಿದ್ದಾಗ ಕಾಲು ಮಡಚಿ ನೋಡಿದನೇ, ಮೂರು ಸಲ ತಂತಿ ಹೊಸದಾಗಿರಬೇಕು ಈ ಇಪ್ಪತ್ತೇಳು ವರ್ಷದಲ್ಲಿ, ಮೂರು ಸಲವೂ ಶೆಡ್ಡಿನ ಬಾಗಿಲು ಹಾಕಿಕೊಂಡು ಯಾವುದೋ ಇಕ್ಕಳದಿಂದ ಮೂರು ಕಚ್ಚು ಒತ್ತಿದನೇ, ಹೇಳಬೇಕೆಂದು ಒಂದು ದಿನವೂ ಅನ್ನಿಸಲಿಲ್ಲವೇ, ನಾನಾಗಿದ್ದರೆ ಅದೇ ಸಂಜೆ ಹೇಳಿ ಮೆಚ್ಚುಗೆ ಪಡೆಯುತ್ತಿದ್ದೆ. ಅವನನ್ನು ನಾನು ಪ್ರೀತಿಸುತ್ತೇನೆ, ಅದು ಹೊಸ ಸುದ್ದಿಯೇನಲ್ಲ, ಆದರೆ ಇವನು ಇನ್ನೂ ಪೂರ್ತಿ ಗೊತ್ತಾಗಿಲ್ಲ ಎನ್ನುವುದು ಹೊಸ ಸುದ್ದಿ, ಅರವತ್ತೆರಡನೇ ವಯಸ್ಸಿನಲ್ಲಿ ಇದಕ್ಕಿಂತ ಖುಷಿ ಕೊಡುವ ಸುದ್ದಿ ಯಾವುದಿದ್ದೀತು. ಕಂಬ ಇಳಿಸಿ, ಎಡಗಡೆಯ ತಂತಿ ಬಿಚ್ಚಿಕೊಂಡು, ಸೈಕಲ್ ತುಳಿದು ದೋಣಿಗಟ್ಟೆ ದಾಟಿ ಅಂಗಡಿ ಮುಚ್ಚುವ ಮುಂಚೆ ಐಮೌಡನ್ ಮುಟ್ಟಿದೆ, ಎಡಗಡೇದು ಎರಡು ಬೆರಳು ಗಿಡ್ಡ ಮಾಡಿಕೊಡಿ ಸಾಸ್ಕಿಯಾ, ಮೊದಲಿದ್ದ ಹಾಗೆ, ಅವಳು ನನ್ನನ್ನು ನೋಡಿದಳು, ನನ್ನ ಕಾಲು ನೋಡಿದಳು, ಒತ್ತಿಕೊಟ್ಟಳು, ಜೊತೆಗೆ ಹೆಬ್ಬೆರಳು ದಪ್ಪದ ಮೆತ್ತನೆ ಹಗ್ಗ ನಾಲ್ಕು ಮಾರು ಕೊಡಿ ಎಂದೆ, ಅಳೆದು ಕತ್ತರಿಸಿ ಕೊಟ್ಟಳು.

ಕಾಲು ನಂದೇ, ಈಗ ಗೊತ್ತಾಯ್ತು ಬಾ, ಅಂತಾನೆ ಕ್ರೆಲಿಸ್, ಅವನು ಮುಂದೆ ಹಗ್ಗ ಹಿಡಿದು ಎಳೆಯುತ್ತಾನೆ, ನಾನು ಹಿಂದಿನಿಂದ ಕಂಬ ಹೆಗಲ ಮೇಲಿಟ್ಟು ನಡೆಯುತ್ತೇನೆ, ಜಾಲರಿಯ ಮೇಲೆ ಒಂದೊಂದೇ ಹೆಜ್ಜೆ, ಕಂಬ ಏಳುತ್ತದೆ, ಕಾರ್ಖಾನೆಯ ಚಿಮಣಿಗಳನ್ನು ದಾಟಿ ಮೇಲೆ ಹೋಗುತ್ತದೆ, ನಿಂತಿತು, ಹಿಡ್ಕೋ ಬಿಡಬೇಡ ಅಂತೀನಿ, ಮುಂದಿನ ತಂತಿಗೆ ಪಿನ್ನು ಹಾಕುತ್ತಾ ಇದೇ ಒಳ್ಳೇ ಸಮಯ ಎಂದುಕೊಳ್ಳುತ್ತೇನೆ, ಹಗ್ಗ ಕೈಯಲ್ಲಿರುವ ಮನುಷ್ಯ ಜಗಳಕ್ಕೆ ಬರಲಾರ, ಕ್ರೆಲಿಸ್, ಉಪ್ಪುನೀರಿನಿಂದ ಮಂಡಿಗೆ ಏನೂ ಆಗಲ್ಲ, ನಾನು ಹೇಳಿದ್ದು ತಪ್ಪು. ಹನ್ನೊಂದು ವರ್ಷ, ಅಂತಾನೆ ಅವನು ಹಗ್ಗ ಬಿಡದೆ, ನಂಗೂ ಹತ್ತು ವರ್ಷದಿಂದ ಡೌಟಿತ್ತು, ಮತ್ಯಾಕೆ ನಿಲ್ತಿದ್ದೆ ಅಂತೀನಿ, ಆ ಹೊತ್ತಿಗೆ ಮನೇಲಿ ನನ್ನ ಹೆಂಡತಿ ಹಾಡು ಅಭ್ಯಾಸ ಮಾಡ್ತಾಳೆ ಮಾರಾಯ್ತಿ, ನೀನು ದಯವಿಟ್ಟು ಇದನ್ನ ಅವಳಿಗೆ ಹೇಳ್ಬೇಡ. ಪಿನ್ನು ಕೂತಿತು, ಇದು ಹೊಸ ಥರದ್ದು, ಗುಂಡಿ ಒತ್ತಿದರೆ ಕೂರುತ್ತದೆ, ಉಂಗುರ ಬೇಕಿಲ್ಲ, ಈಗೆಲ್ಲರೂ ಇದನ್ನೇ ಹಾಕ್ತಾರೆ ಎಂದು ಲೇಂಡರ್ಟನಿಗೆ ಹೇಳಿದ್ದೇನೆ, ಅದು ನಿಜವೂ ಹೌದು. ಇನ್ನೊಂದು ಹೇಳಿಲ್ಲ, ಮುಂದಿನ ಪುಟ್ಟ ಹಾಯಿಯನ್ನು ಎಳೆದು ಹಿಡಿಯುವ ಹಗ್ಗ, ಮುಂದೆ ಕೂತವರು ಬಿಡದೆ ಹಿಡಿದಿರಬೇಕಾದದ್ದು, ಹಳೆಯದು ಪೆನ್ಸಿಲ್ ದಪ್ಪ, ಅವನ ಬೆರಳಿಗೆ ನಿಲ್ಲುವುದಿಲ್ಲ, ಹೊಸದರ ಎರಡೂ ಬದಿಗೆ ಕೈ ತೂರುವಷ್ಟು ಅಗಲದ ಹಗ್ಗದ ಬಳೆ ನೇಯ್ದಿದ್ದೇನೆ, ನಿನ್ನೆ ಸಂಜೆ ಏಳು ಸಲ ಬಿಚ್ಚಿ ಏಳು ಸಲ ನೇಯ್ದೆ, ಬಿಗಿಯಾದರೆ ದೋಣಿ ಮಗುಚಿದಾಗ ಕೈ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ಹಿಡಿತವಿಲ್ಲ, ಅವನ ಕೈಗವಸು ಹಾಕಿ ಅಳತೆ ನೋಡಿದೆ, ಅವನು ಸೋಫಾದಲ್ಲಿ ತೂಕಡಿಸುತ್ತಿದ್ದಾಗ ಕೈಯ ಅಗಲವನ್ನೇ ನೂಲಿನಿಂದ ಅಳೆದೆ, ನಡುಗುವ ಕೈ ಅಳೆಯುವುದು ಸುಲಭವಲ್ಲ, ನಿದ್ದೆಯಲ್ಲಿ ನಡುಗುವುದಿಲ್ಲ ಎನ್ನುವುದು ಆಗಲೇ ಗೊತ್ತಾಗಿದ್ದು. ಅವನು ಸಿಟ್ಟಾದರೆ ಆಗಲಿ, ಮೆಟ್ಟಿಲು ಹತ್ತಿ ಹೊರಟುಹೋದರೆ, ಹೋಗಬಹುದು, ಹೋದರೆ ಶನಿವಾರ ಹಾರ್ಲೆಮಿನವರು ಬಂದು ಹೊಸ ತಂತಿ ಹೊಗಳಿ ದೋಣಿ ಎಳೆದುಕೊಂಡು ಹೋಗುತ್ತಾರೆ, ಹೆದರಿಕೆ ಆಗುತ್ತಿದೆ.

ಬಂದ, ದಿಬ್ಬದ ಮೆಟ್ಟಿಲಿಳಿದು ಬರುತ್ತಿದ್ದಾನೆ, ಬಲಗೈ ಜೇಬಿನಲ್ಲಿ, ದೋಣಿಗೆ ಹಾಕುವ ರಬ್ಬರಿನ ಉಡುಪಿನ ಮೇಲೆ ಕೋಟು, ಆ ಉಡುಪು ಯಾಕೆ ಹಾಕಿದ, ಚಳಿಗೋ, ಕೇಳಬಾರದು, ಕ್ರೆಲಿಸ್ ನಂಗೆ ಕೆಲಸ ಇದೆ ಎಂದು ಇಲ್ಲದ ಕೆಲಸಕ್ಕೆ ಹೊರಟ, ಲೇಂಡರ್ಟ್ ದೋಣಿ ಸುತ್ತು ಹಾಕಿದ, ಪಕ್ಕದ ತಂತಿ ಒತ್ತಿ ನೋಡಿದ, ಪಿನ್ನು ಒತ್ತಿದ ಬಿಟ್ಟ ಒತ್ತಿದ, ಪರವಾಗಿಲ್ವೇ ಅಂದ, ಆಮೇಲೆ ಮುಂದಿನ ಎರಡು ತೂಗುತಂತಿಗಳನ್ನು ಕಂಬದ ಹತ್ತಿರಕ್ಕೆ ತಂದು ಒಟ್ಟಿಗೆ ಹಿಡಿದ, ಹಿಡಿಯುತ್ತಾನೆಂದು ಗೊತ್ತಿತ್ತು, ತುದಿಯ ಕಬ್ಬಿಣದ ಬಿಲ್ಲೆಗಳು ಅವನ ಕೈಯಲ್ಲಿ ಒಂದಕ್ಕೊಂದು ತಗುಲಿ ಟಿಕ್ ಟಿಕ್ ಟಿಕ್ ಎನ್ನುತ್ತಿವೆ, ಒಂದು ಮೇಲೆ, ಒಂದು ಎರಡು ಬೆರಳು ಕೆಳಗೆ, ಅವನು ನೋಡುತ್ತಿದ್ದಾನೆ, ನಾನು ಹಾಯಿಯ ಮಡಿಕೆ ಬಿಡಿಸುತ್ತಿದ್ದೇನೆ, ಬಿಡಿಸಿದ್ದನ್ನೇ ಬಿಡಿಸುತ್ತಿದ್ದೇನೆ, ಕಿವಿ ಬಿಸಿಯಾಗಿದೆ, ಅವನ ಕಿವಿಯೂ ಕೆಂಪಾಗಿದೆ, ನಲವತ್ತು ವರ್ಷದ ಗಂಡ ಹೆಂಡಿರು, ಕದ್ದು ಸೇಬು ತಿಂದ ಮಕ್ಕಳ ಹಾಗೆ ನಿಂತಿದ್ದೇವೆ. ತಂತಿ ಬಿಟ್ಟ. ಜಾಲರಿಯ ಮೇಲೆ ಕೈಯಾಡಿಸಿದ, ದಪ್ಪ ಹಗ್ಗ ಸಿಕ್ಕಿತು, ಎತ್ತಿದ, ಬಳೆ ಸಿಕ್ಕಿತು, ತಿರುಗಿಸಿ ನೋಡಿದ, ಒಳಗಿನ ನೇಯ್ಗೆ ನೋಡಿದ, ಈಗ ಬೈಯುತ್ತಾನೆ, ಈಗ ಎಸೆಯುತ್ತಾನೆ, ಗಾಳಿ ಎಷ್ಟಿದೆ ಅಂದ, ಮೂರು, ಹದವಾಗಿದೆ ಅಂದೆ, ಶನಿವಾರದವರಿಗೆ ಫೋನ್ ಮಾಡು ಅಂದ, ಏನಂತ ಅಂದೆ, ತಂತಿ ಇನ್ನೂ ಸರಿಯಾಗಿಲ್ಲ ಅನ್ನು, ಒಂದು ಉದ್ದ ಒಂದು ಗಿಡ್ಡ, ಇಂಥ ದೋಣೀನ ಮಾರೋಕಾಗಲ್ಲ ಅನ್ನು, ನನ್ನ ಕಡೆ ನೋಡಲಿಲ್ಲ, ಸಮುದ್ರದ ಕಡೆ ನೋಡಿದ, ಕೋಟು ಬಿಚ್ಚಿ ಮುಂದೆ ನನ್ನ ಜಾಗದಲ್ಲಿ ಕೂತ, ಮೆಲ್ಲಗೆ, ಮತ್ತೆ ಬಲಗೈಯನ್ನು ಬಳೆಯೊಳಕ್ಕೆ ತೂರಿಸಿದ, ಸರಿಯಾಗಿ ಹೋಯಿತು, ಮುಷ್ಟಿ ಮುಚ್ಚಿದ, ಫೋನು ಎಲ್ಲಿಟ್ಟೆ, ಚುಕ್ಕಾಣಿ ಹಾಕಬೇಕು, ಫೋನು, ಅವನ ಮುಷ್ಟಿ ನಡುಗುತ್ತಿದೆ, ಬಳೆ ನಡುಗುತ್ತಿದೆ, ನಡುಕ ಹಗ್ಗಕ್ಕೆ ದಾಟಿ ರಾಟೆಯವರೆಗೆ ಓಡುತ್ತಿದೆ, ಅವನು ಬಿಡುತ್ತಿಲ್ಲ — ಕೈ, ಹಗ್ಗದ ಬಳೆ, ಬಳೆಯೊಳಗೆ ನಡುಗುವ ಕೈ, ಕೈ